ದಳದ ಹಿರಿಯರ ಹೊಣೆ: ಮಕ್ಕಳ ಕೈಗೆ ಕೊಡಬೇಕಾದದ್ದು, ತಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕಾದದ್ದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಶಾಲೆಗಳಲ್ಲಿ ಒಬ್ಬರು ಹುಡುಗರ ಸ್ಕೌಟ್ ದಳ ನಡೆಸುವ ಸ್ಕೌಟ್ ಮಾಸ್ಟರ್ ಅಥವಾ ಹುಡುಗಿಯರ ಗೈಡ್ ದಳ ನಡೆಸುವ ಗೈಡ್ ಕ್ಯಾಪ್ಟನ್ ಆಗುವ ಬಗೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಶಾಲೆ ಆರಂಭವಾದ ಮೊದಲ ವಾರಗಳ ಸಿಬ್ಬಂದಿ ಸಭೆಯಲ್ಲಿ ಮುಖ್ಯ ಶಿಕ್ಷಕರು ಕೆಲಸಗಳನ್ನು ಹಂಚುತ್ತಾರೆ. ಬಿಸಿಯೂಟದ ಲೆಕ್ಕ ಒಬ್ಬರಿಗೆ, ವಿದ್ಯಾರ್ಥಿವೇತನದ ಕಡತ ಮತ್ತೊಬ್ಬರಿಗೆ, ಇಕೋ ಕ್ಲಬ್ ಇನ್ನೊಬ್ಬರಿಗೆ ಎಂದು ಹಂಚಿಹೋದ ಮೇಲೆ ಉಳಿದ ಸ್ಕೌಟ್ಸ್ ಮತ್ತು ಗೈಡ್ಸ್ ದೈಹಿಕ ಶಿಕ್ಷಣ ಶಿಕ್ಷಕರ ಪಾಲಿಗೋ, ಹೊಸದಾಗಿ ಬಂದ ಶಿಕ್ಷಕಿಯ ಪಾಲಿಗೋ ಬರುತ್ತದೆ. ಹಾಗೆ ಹೊಣೆ ಹೊತ್ತವರಿಗೆ ಮೊದಲು ಕಣ್ಣಿಗೆ ಬೀಳುವುದು ಸಮವಸ್ತ್ರ, ಸ್ಕಾರ್ಫ್ ಮತ್ತು ಆಗಸ್ಟ್ 15ರ ಪಥಸಂಚಲನ. ಆ ಮೂರನ್ನೂ ಅಚ್ಚುಕಟ್ಟಾಗಿ ನಿಭಾಯಿಸಿದರೆ ಕೆಲಸ ಮುಗಿಯಿತೆಂದು ನಂಬಿರುವವರು ಶಾಲೆಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಆದರೆ ಈ ಕೆಲಸದ ಕಷ್ಟದ ಭಾಗ ಪಥಸಂಚಲನದ ಮೈದಾನದಲ್ಲಿ ಕಾಣಿಸುವುದೇ ಇಲ್ಲ. ಯಾವ ನಿರ್ಧಾರವನ್ನು ಮಕ್ಕಳಿಗೆ ಬಿಟ್ಟುಕೊಡಬೇಕು, ಯಾವುದನ್ನು ಎಂಥ ಸಂದರ್ಭದಲ್ಲೂ ಬಿಟ್ಟುಕೊಡಬಾರದು ಎಂಬುದನ್ನು ಪ್ರತಿ ಸಭೆಯಲ್ಲಿ, ಪ್ರತಿ ಶಿಬಿರದಲ್ಲಿ ಹೊಸದಾಗಿ ತೀರ್ಮಾನಿಸಬೇಕಾಗಿ ಬರುವುದೇ ಆ ಭಾಗ.

ಸ್ಕೌಟ್ ಚಳವಳಿ ಹುಟ್ಟಿದ್ದೇ ಈ ಹಂಚಿಕೆಯ ಮೇಲೆ. ಚಳವಳಿಯ ಸ್ಥಾಪಕ ರಾಬರ್ಟ್ ಬೇಡನ್-ಪೊವೆಲ್ ಅವರು 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ 20 ಹುಡುಗರ ಶಿಬಿರ ನಡೆಸಿದಾಗ, ಸಿರಿವಂತರ ಶಾಲೆಯ ಹುಡುಗರನ್ನೂ ಕಾರ್ಮಿಕರ ಮನೆಯ ಹುಡುಗರನ್ನೂ ಬೆರೆಸಿ ನಾಲ್ಕು ತಂಡ ಮಾಡಿ, ಒಂದೊಂದು ತಂಡದ ಮೇಲ್ವಿಚಾರಣೆಯನ್ನು ಅವರಲ್ಲೇ ಹಿರಿಯನಾದ ಒಬ್ಬ ಹುಡುಗನಿಗೆ ಒಪ್ಪಿಸಿದರು. ನಮ್ಮ ಕಡೆಗೆ ಇದು ಬೇಗ ಬಂತು. ಭಾರತದ ಮೊದಲ ದಳ 1909ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು, ಆದರೆ ಅದು ಭಾರತೀಯ ಮಕ್ಕಳಿಗಾಗಿ ಇರಲಿಲ್ಲ. ಆ ಬಾಗಿಲನ್ನು ತೆರೆಯಲು ಆನಿ ಬೆಸೆಂಟ್ ಅವರಂಥವರು 1916ರ ಸುಮಾರಿಗೆ ಪ್ರತ್ಯೇಕ ಸಂಘಟನೆ ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ ಬೇರೆಬೇರೆಯಾಗಿದ್ದ ಸಂಘಟನೆಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹೆಸರಿನಲ್ಲಿ ಒಂದಾದವು, ಗೈಡ್ಸ್ ವಿಭಾಗ 1951ರ ಆಗಸ್ಟ್ 15ರಂದು ಬಂದು ಸೇರಿತು. ಇಂದು ಈ ಮೂರು ಜಿಲ್ಲೆಗಳ ಶಾಲೆಗಳಲ್ಲಿ ನಡೆಯುತ್ತಿರುವ ದಳಗಳು ಬಹುತೇಕ ಈ ಸಂಸ್ಥೆಯವೇ.

ಇಲ್ಲಿ ವಯಸ್ಸಿಗೆ ತಕ್ಕಂತೆ ವಿಭಾಗಗಳಿವೆ. ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳು ಕಬ್ ಮತ್ತು ಬುಲ್‌ಬುಲ್‌ಗಳು, ಹತ್ತು ವರ್ಷ ತುಂಬಿದವರು ಸ್ಕೌಟ್ ಮತ್ತು ಗೈಡ್‌ಗಳು, ಕಾಲೇಜಿನ ವಯಸ್ಸಿನವರು ರೋವರ್ ಮತ್ತು ರೇಂಜರ್‌ಗಳು. ಹಿರಿಯರ ಹೊಣೆಯೂ ಈ ವಯಸ್ಸಿನೊಂದಿಗೆ ಬದಲಾಗುತ್ತದೆ. ಕಬ್ ಮಾಸ್ಟರ್ ಆಟವನ್ನು ತಾವೇ ಆಡಿಸುತ್ತಾರೆ, ಕಥೆಯನ್ನು ತಾವೇ ಹೇಳುತ್ತಾರೆ. ರೋವರ್ ದಳದ ಹಿರಿಯರು ಹೆಚ್ಚುಕಡಿಮೆ ಸಲಹೆಗಾರರು ಮಾತ್ರ. ನಡುವೆ ಇರುವ ಸ್ಕೌಟ್ ಮಾಸ್ಟರ್ ಮತ್ತು ಗೈಡ್ ಕ್ಯಾಪ್ಟನ್‌ಗಳದ್ದೇ ನಾಜೂಕಿನ ಸ್ಥಾನ, ಏಕೆಂದರೆ ಅವರ ಮುಂದೆ ಇರುವುದು ಎಲ್ಲವನ್ನೂ ತಾನೇ ಮಾಡಬಲ್ಲೆ ಎಂದುಕೊಳ್ಳುವ, ಆದರೆ ಅಪಾಯವನ್ನು ಇನ್ನೂ ಅಳೆಯಲಾರದ ವಯಸ್ಸಿನ ಮಕ್ಕಳು.

ಸ್ಕೌಟ್ ದಳವೆಂದರೆ ಪೆಟ್ರೋಲ್ ಎಂದು ಕರೆಯುವ ಪುಟ್ಟ ತಂಡಗಳ ಗುಂಪು. ಆರರಿಂದ ಎಂಟು ಮಕ್ಕಳ ಒಂದೊಂದು ಪೆಟ್ರೋಲ್‌ಗೆ ಒಬ್ಬ ಪೆಟ್ರೋಲ್ ಲೀಡರ್ ಇರುತ್ತಾನೆ, ಅವನಿಗೊಬ್ಬ ಸಹಾಯಕ ಇರುತ್ತಾನೆ, ಉಳಿದವರಲ್ಲಿ ಒಬ್ಬ ಲೆಕ್ಕ ನೋಡುತ್ತಾನೆ, ಒಬ್ಬ ಸಾಮಾನು ನೋಡಿಕೊಳ್ಳುತ್ತಾನೆ, ಒಬ್ಬ ಲಾಗ್ ಪುಸ್ತಕ ಬರೆಯುತ್ತಾನೆ. ಪೆಟ್ರೋಲ್ ಲೀಡರ್‌ಗಳು ಸೇರಿ ನಡೆಸುವ ಸಭೆಗೆ ಕೋರ್ಟ್ ಆಫ್ ಆನರ್ ಎನ್ನುತ್ತಾರೆ. ಮುಂದಿನ ತಿಂಗಳ ಕಾರ್ಯಕ್ರಮ, ದಳದ ಹಣದ ಖರ್ಚು, ಯಾರಾದರೂ ನಿಯಮ ಮೀರಿದ್ದರೆ ಅದರ ವಿಚಾರ, ಎಲ್ಲವೂ ಅಲ್ಲಿ ತೀರ್ಮಾನವಾಗಬೇಕು; ಸ್ಕೌಟ್ ಮಾಸ್ಟರ್ ಅಲ್ಲಿ ಕುಳಿತಿರಬೇಕು, ಕೇಳಿದಾಗ ಹೇಳಬೇಕು. ನಮ್ಮ ಬಹಳಷ್ಟು ದಳಗಳಲ್ಲಿ ಈ ಸಭೆ ಕಾಗದದ ಮೇಲಷ್ಟೇ ನಡೆಯುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಗುರುವಿನ ಎದುರು ಬಾಯಿ ತೆರೆಯದಿರುವುದೇ ವಿನಯ ಎಂದು ಕಲಿತು ಬಂದ ಮಗು ಮೊದಲ ಸಭೆಯಲ್ಲೇ ಅಭಿಪ್ರಾಯ ಹೇಳುವುದಿಲ್ಲ, ಹೇಳಿದರೂ ಸಾರ್ ಮುಖ ನೋಡಿಕೊಂಡೇ ಹೇಳುತ್ತದೆ. ಅಲ್ಲಿ ಹಿರಿಯರು ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳುವುದು, ಮತ್ತು ಮಕ್ಕಳು ತೀರ್ಮಾನಿಸಿದ್ದು ತಮಗೆ ಇಷ್ಟವಾಗದಿದ್ದರೂ ಅಪಾಯವಿಲ್ಲದಿದ್ದರೆ ಅದನ್ನು ಜಾರಿಗೆ ಬರಲು ಬಿಡುವುದು.

ದಳದ ಗಾತ್ರದ ಬಗ್ಗೆಯೂ ಇಲ್ಲಿಯೇ ಒಂದು ಮಾತು ಹೇಳಬೇಕು. ತಮ್ಮಿಂದ 16 ಹುಡುಗರ ಸ್ವಭಾವವನ್ನಷ್ಟೇ ಒಬ್ಬೊಬ್ಬರದಾಗಿ ಅರಿತು ಬೆಳೆಸಲು ಸಾಧ್ಯವಾಯಿತು, ಬೇರೆಯವರು ತಮಗಿಂತ ಎರಡು ಪಟ್ಟು ಸಮರ್ಥರಿರಬಹುದೆಂದು ಭಾವಿಸಿ ಒಂದು ದಳಕ್ಕೆ 32ರ ಮಿತಿ ಸೂಚಿಸುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಬೇಡನ್-ಪೊವೆಲ್ ಬರೆದಿದ್ದಾರೆ. ಒಂದು ತರಗತಿಯ ಹಾಜರಿ ಪುಸ್ತಕವನ್ನೇ ದಳದ ಪಟ್ಟಿಯಾಗಿ ಬರೆದುಕೊಡುವ ಶಾಲೆಗಳಿಗೆ ಈ ಲೆಕ್ಕವನ್ನು ನೆನಪಿಸಬೇಕಾಗುತ್ತದೆ.

ಬಿಟ್ಟುಕೊಡುವುದೆಂದರೆ ಏನೆಂಬುದು ಶಿಬಿರದ ಒಲೆಯ ಮುಂದೆ ಚೆನ್ನಾಗಿ ಅರ್ಥವಾಗುತ್ತದೆ. ಮಧುಗಿರಿ ಕಡೆಯ ಒಂದು ಪ್ರೌಢಶಾಲೆಯ ಮೈದಾನದಲ್ಲಿ ದಳವೊಂದು ಶಿಬಿರ ಹೂಡಿದೆ ಎಂದಿಟ್ಟುಕೊಳ್ಳೋಣ. ಪ್ರತಿ ಪೆಟ್ರೋಲ್ ತನ್ನ ಅಡುಗೆ ತಾನೇ ಮಾಡಿಕೊಳ್ಳಬೇಕು, ಮಧ್ಯಾಹ್ನಕ್ಕೆ ಮುದ್ದೆ, ಹುರುಳಿಕಾಳಿನ ಸಾರು ಎಂದು ಮಕ್ಕಳೇ ನಿಶ್ಚಯಿಸಿದ್ದಾರೆ. ಮನೆಯಲ್ಲಿ ಅವ್ವ ದಿನವೂ ಮಾಡುವುದನ್ನು ನೋಡಿರುವ ಹುಡುಗರಿಗೆ ಅದರಲ್ಲೇನು ಮಹಾ ಎನ್ನಿಸುತ್ತದೆ. ಎಸರು ಕುದಿಯುವ ಮೊದಲೇ ಒಬ್ಬ ಹಿಟ್ಟು ಸುರಿಯುತ್ತಾನೆ, ಇನ್ನೊಬ್ಬ ತಕ್ಷಣವೇ ಕೋಲಾಡಿಸುತ್ತಾನೆ, ಹಿಟ್ಟು ಗಂಟುಗಂಟಾಗುತ್ತದೆ. ಪಕ್ಕದಲ್ಲಿ ನಿಂತ ಹಿರಿಯರಿಗೆ ಅದು ಗಂಟಾಗುತ್ತದೆಂದು ಹಿಟ್ಟು ಸುರಿಯುವಾಗಲೇ ಗೊತ್ತಿತ್ತು. ಅವರು ಬಾಯಿ ಬಿಡಬೇಕಾಗಿಲ್ಲ. ಗಂಟು ಮುದ್ದೆ ತಿಂದ ಪೆಟ್ರೋಲ್ ಸಂಜೆ ತಾನೇ ಕೂತು ಎಲ್ಲಿ ತಪ್ಪಿತೆಂದು ಮಾತಾಡುತ್ತದೆ, ಮರುದಿನ ಎಸರು ಮರಳುವುದನ್ನು ಕಾಯುತ್ತದೆ.

ಆದರೆ ಅದೇ ಪಾತ್ರೆಯನ್ನು ಒಲೆಯಿಂದ ಇಳಿಸಿ ತೊಳಸುವ ಹೊತ್ತು ಬೇರೆ. ಮೂರು ಕಲ್ಲಿನ ಒಲೆ ಅಲುಗುತ್ತಿದೆ, ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿಯಬೇಕಾದ ಹುಡುಗ ಬರಿಗಾಲಿನಲ್ಲಿ ನಿಂತಿದ್ದಾನೆ, ಕೋಲು ತಿರುವುವವನಿಗೆ ಅಷ್ಟು ತೋಳಬಲ ಇಲ್ಲ, ಸ್ಕಾರ್ಫಿನ ತುದಿ ಬೆಂಕಿಯ ಕಡೆಗೆ ಜೋತಾಡುತ್ತಿದೆ. ಇಲ್ಲಿ ಹಿರಿಯರು ಸುಮ್ಮನಿರುವುದು ತಪ್ಪು. ಗಂಟಾದ ಹಿಟ್ಟು ಒಂದು ಊಟವನ್ನು ಕೆಡಿಸುತ್ತದೆ, ಕಾಲಿನ ಮೇಲೆ ಬಿದ್ದ ಬಿಸಿ ಹಿಟ್ಟು ಅಂಟಿಕೊಂಡು ಚರ್ಮವನ್ನೇ ಕೀಳುತ್ತದೆ. ಹಾಗಾಗಿ ಒಲೆಯ ಕಲ್ಲು ಭದ್ರವಾಗಿದೆಯೇ, ಕಾಲಿಗೆ ಶೂ ಇದೆಯೇ, ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇವೆಯೇ ಎಂಬುದನ್ನು ಬೆಂಕಿ ಹಚ್ಚುವ ಮೊದಲೇ ನೋಡಿ, ಎಲ್ಲವೂ ಸರಿ ಇದ್ದರೆ ಮಾತ್ರ ಹಚ್ಚಲು ಒಪ್ಪಿಗೆ ಕೊಡುವುದು ಹಿರಿಯರ ಹಕ್ಕು ಮತ್ತು ಹೊಣೆ. ಸುಟ್ಟರೆ ತಣ್ಣೀರನ್ನು ಸುಮಾರು 20 ನಿಮಿಷ ಹರಿಯಬಿಡಬೇಕು. ಟೂತ್‌ಪೇಸ್ಟ್, ಇಂಕು, ಅರಿಸಿನ ಯಾವುದನ್ನೂ ಹಚ್ಚಬಾರದು. ಅಜ್ಜಿ ಹೇಳಿದ್ದೆಂದು ಅರಿಸಿನ ತರಲು ಓಡುವ ಮಗು ಪ್ರತಿ ದಳದಲ್ಲೂ ಇರುತ್ತದೆ, ಆದ್ದರಿಂದ ಇದನ್ನು ಶಿಬಿರಕ್ಕೆ ಮೊದಲೇ ಕಲಿಸಿರಬೇಕು.

ಮರಳಿ ಸರಿಪಡಿಸಬಹುದಾದ ತಪ್ಪಾದರೆ ಮಕ್ಕಳಿಗೆ ಬಿಡಬಹುದು, ಸರಿಪಡಿಸಲಾಗದ್ದಾದರೆ ಬಿಡಬಾರದು. ಹೇಳಲು ಸುಲಭವಾದ ಈ ಮಾತನ್ನು ಸ್ಥಳಕ್ಕೆ ಅನ್ವಯಿಸಲು ಹಿರಿಯರು ತಮ್ಮ ತಾಲ್ಲೂಕಿನ ನೆಲವನ್ನು ಬಲ್ಲವರಾಗಿರಬೇಕು.

ನೀರು, ಬೆಟ್ಟ, ಹೆಜ್ಜೇನು

ನಮ್ಮ ಮೂರು ಜಿಲ್ಲೆಗಳಲ್ಲಿ ಹೊಳೆ ಇಲ್ಲ, ಆದ್ದರಿಂದ ನೀರಿನ ಅಪಾಯವೂ ಇಲ್ಲ ಎಂಬ ಭಾವನೆ ಇದೆ. ವಾಸ್ತವ ಇದಕ್ಕೆ ವಿರುದ್ಧ. ನೀರು ಕಂಡರಿಯದ ಮಕ್ಕಳಿಗೆ ಈಜು ಬರುವುದಿಲ್ಲ, ನೀರು ಕಂಡಾಗ ಇಳಿಯುವ ಆಸೆಯೂ ತಡೆಯುವುದಿಲ್ಲ. ಹೂಳೆತ್ತಿದ ಕೆರೆಯಲ್ಲಿ ಮೊಣಕಾಲು ಮಟ್ಟದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ. ಬಿಟ್ಟುಹೋದ ಕಲ್ಲು ಕ್ವಾರಿಯಲ್ಲಿ ಅಂಚಿನಿಂದ ಒಂದು ಹೆಜ್ಜೆ ಆಚೆಗೇ ಆಳ. ಇವೆರಡಕ್ಕಿಂತಲೂ ಮೋಸದ್ದು ಕೃಷಿ ಹೊಂಡ. ಅದರ ಇಳಿಜಾರಿನ ಬದುವಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರಿಗೆ ಈಜು ಬಂದರೂ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ, ಕಾಪಾಡಲು ಇಳಿದವರೂ ಜಾರುತ್ತಾರೆ. ಶಿಬಿರದ ಜಾಗದ ಸುತ್ತ ಇಂಥ ಹೊಂಡ ಎಲ್ಲೆಲ್ಲಿದೆ ಎಂದು ಹಿರಿಯರು ಒಂದು ದಿನ ಮೊದಲೇ ನಡೆದು ನೋಡಿರಬೇಕು, ಅತ್ತ ಹೋಗಬಾರದ ಗಡಿಯನ್ನು ಮಕ್ಕಳಿಗೆ ಕೈಯಿಂದ ತೋರಿಸಿ ಹೇಳಬೇಕು, ಉದ್ದನೆಯ ಹಗ್ಗವನ್ನು ಸಾಮಾನಿನ ಮೂಟೆಯ ತಳದಲ್ಲಿಡದೆ ಕೈಗೆಟುಕುವಲ್ಲಿ ಇಡಬೇಕು.

ಕೋಲಾರದ ಕೆರೆಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ, ಚಿಕ್ಕಬಳ್ಳಾಪುರ ಜಿಲ್ಲೆಗೆ ಹೆಬ್ಬಾಳ-ನಾಗವಾರ ಕಣಿವೆಯ ನೀರು ಬರುತ್ತದೆ. ಅಂತರ್ಜಲ ಮರುಪೂರಣಕ್ಕೆಂದು ಎರಡು ಹಂತ ಸಂಸ್ಕರಿಸಿದ ನೀರು ಅದು; ಕುಡಿಯಲಿಕ್ಕಾಗಲಿ, ಮಕ್ಕಳು ಇಳಿದು ಆಡಲಿಕ್ಕಾಗಲಿ ಕೊಟ್ಟದ್ದಲ್ಲ. ತುಂಬಿ ನಿಂತ ಕೆರೆಯ ಏರಿಯ ಮೇಲೆ ಹಕ್ಕಿ ವೀಕ್ಷಣೆ ಮಾಡಿಸಬಹುದು, ಆದರೆ ಅದೇ ನೀರಿನಲ್ಲಿ ತಟ್ಟೆ ತೊಳೆಯಲು ಬಿಡಬಾರದು. ಇನ್ನು ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳು ಪಾವಗಡದಿಂದ ಹಿಡಿದು ಬಾಗೇಪಲ್ಲಿಯವರೆಗೂ ಇವೆ. ಬೇರೆ ಕಡೆಯ ಶಿಬಿರಗಳಲ್ಲಿ ನೀರನ್ನು ಕುದಿಸಿ ಕುಡಿಯಿರಿ ಎಂದು ಕಲಿಸುವುದು ಸರಿ, ಅದು ಕ್ರಿಮಿಗಳನ್ನು ಕೊಲ್ಲುತ್ತದೆ. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಲಸ ಮಾಡುತ್ತಿದೆಯೇ, ಕ್ಯಾನುಗಳು ಸಾಕಷ್ಟಿವೆಯೇ ಎಂದು ವಿಚಾರಿಸುವುದು ಡೇರೆ ಎಣಿಸುವುದಕ್ಕಿಂತ ಮೊದಲಿನ ಕೆಲಸ.

ಬೆಟ್ಟಗಳಿಗೆ ಇಲ್ಲಿ ಕೊರತೆಯಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ, ದೇವರಾಯನದುರ್ಗ, ಸಿದ್ಧರಬೆಟ್ಟ, ಅಂತರಗಂಗೆ, ಸ್ಕಂದಗಿರಿ, 1,478 ಮೀಟರ್ ಎತ್ತರದ ನಂದಿ, ಎಲ್ಲವೂ ಹೈಕ್‌ಗೆ, ಅಂದರೆ ಚಾರಣಕ್ಕೆ, ಮಕ್ಕಳನ್ನು ಸೆಳೆಯುತ್ತವೆ. ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿರುವ ಜಾಗಕ್ಕೆ ಮೊದಲೇ ಅನುಮತಿ ಪಡೆಯುವುದು, ಶಾಲೆಯ ಕಡೆಯಿಂದ ಹೋಗುವುದಾದರೆ ಶಿಕ್ಷಣ ಇಲಾಖೆಗೆ ಪತ್ರ ಬರೆಯುವುದು ಇವೆಲ್ಲ ಕಾಗದದ ಕೆಲಸಗಳು, ಬೇಸರವಾದರೂ ಬಿಡುವಂತಿಲ್ಲ. ತುಮಕೂರಿನವರು ತಮ್ಮ ತಾಲ್ಲೂಕು ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರಿದೆಯೋ ಮಧುಗಿರಿ ಶೈಕ್ಷಣಿಕ ಜಿಲ್ಲೆಗೋ ನೋಡಿಕೊಂಡು ಪತ್ರ ಹಾಕಬೇಕು, ಇಲ್ಲದಿದ್ದರೆ ಕಡತ ತಪ್ಪು ಮೇಜಿನ ಮೇಲೆ ಕುಳಿತುಬಿಡುತ್ತದೆ. ಬೆಟ್ಟದ ನಿಜವಾದ ಅಪಾಯಗಳು ಕಾಗದದಲ್ಲಿ ಬರುವುದಿಲ್ಲ. ಮಳೆ ಬಿದ್ದ ಬಂಡೆ ಜಾರುತ್ತದೆ, ಏರುವುದಕ್ಕಿಂತ ಇಳಿಯುವುದು ಕಷ್ಟ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ನಂತರ ಗುಡುಗು ಸಿಡಿಲು ಬರುತ್ತದೆ. ಬೋಳು ಬಂಡೆಯ ನೆತ್ತಿಯೂ ಒಂಟಿ ಮರದ ಬುಡವೂ ಆಗ ನಿಲ್ಲುವ ಜಾಗಗಳಲ್ಲ, ಆದ್ದರಿಂದ ಬೇಸಿಗೆಯ ಹೈಕ್ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು. ಬಂಡೆಯ ಸೂರಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಗೂಡಿನ ಕೆಳಗೆ ಹೊಗೆ ಹಾಕುವುದು, ಕಲ್ಲೆಸೆಯುವುದು, ಕೂಗಾಡುವುದು ಎಷ್ಟು ದೊಡ್ಡ ಅಪಾಯವೆಂದು ಗೊತ್ತಿರುವ ಊರಿನ ಹುಡುಗರು ಪೇಟೆಯ ಹುಡುಗರಿಗೆ ಇಲ್ಲಿ ಗುರುಗಳಾಗಬಹುದು. ಆದರೆ ದಾರಿಯಲ್ಲಿ ಗೂಡು ಕಂಡರೆ ಹಿಂದಿರುಗುವ ನಿರ್ಧಾರ ಹಿರಿಯರದ್ದೇ, ಅದು ಕೋರ್ಟ್ ಆಫ್ ಆನರ್‌ನ ಮತಕ್ಕೆ ಬಿಡುವ ವಿಷಯವಲ್ಲ.

ಹಾವು ಕಡಿದರೆ ಏನು ಮಾಡಬಾರದೆಂಬುದು ಏನು ಮಾಡಬೇಕೆಂಬುದಕ್ಕಿಂತ ಮುಖ್ಯ. ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು, ನಾಟಿ ಔಷಧಿಗೆಂದು ಊರೂರು ಅಲೆಸಬಾರದು. ಮಗುವನ್ನು ನಡೆಸದೆ, ಕಡಿದ ಭಾಗವನ್ನು ಅಲುಗಾಡದಂತೆ ಇರಿಸಿ, 108ಕ್ಕೆ ಕರೆ ಮಾಡಿ, ಹಾವಿನ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಅಂಥ ಆಸ್ಪತ್ರೆ ಯಾವುದೆಂದು ಶಿಬಿರಕ್ಕೆ ಮೊದಲೇ ಫೋನ್ ಮಾಡಿ ತಿಳಿದಿರಬೇಕು. ಕಡಿದ ಮೇಲೆ ಹುಡುಕುವುದಲ್ಲ. ಎಣಿಕೆಯ ವಿಷಯವೂ ಇದರಂತೆಯೇ. ಹೊರಡುವಾಗ, ಬಸ್ ಹತ್ತುವಾಗ, ನೀರು ಕುಡಿಯಲು ನಿಂತು ಮತ್ತೆ ಹೊರಡುವಾಗ ಮಕ್ಕಳನ್ನು ಎಣಿಸಬೇಕು. ಪ್ರತಿ ಮಗುವಿಗೂ ಒಬ್ಬ ಜೊತೆಗಾರನಿದ್ದು, ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಬೇಕು. ಪೆಟ್ರೋಲ್ ಲೀಡರ್ ಎಣಿಸಿ ಒಪ್ಪಿಸಿದ ಮೇಲೂ ಹಿರಿಯರು ತಾವೊಮ್ಮೆ ಎಣಿಸುವುದರಿಂದ ಆ ಹುಡುಗನಿಗೆ ಅವಮಾನವಾಗುವುದಿಲ್ಲ, ಇದು ಅಪನಂಬಿಕೆಯಲ್ಲ ಕ್ರಮ ಎಂದು ಮೊದಲ ದಿನವೇ ಹೇಳಿದ್ದರೆ ಸಾಕು.

ಮಕ್ಕಳನ್ನು ಮನುಷ್ಯರಿಂದ ಕಾಪಾಡುವುದು

ಹೆಜ್ಜೇನಿನ ಬಗ್ಗೆ ಬಹಿರಂಗವಾಗಿ ಮಾತಾಡುವ ನಾವು ಈ ವಿಷಯಕ್ಕೆ ಬಂದಾಗ ದನಿ ತಗ್ಗಿಸುತ್ತೇವೆ, ಮತ್ತು ಆ ಸಂಕೋಚದಿಂದಲೇ ಮಕ್ಕಳಿಗೆ ಹೆಚ್ಚು ಕೇಡಾಗಿದೆ. ಸ್ಕೌಟಿಂಗ್‌ನಲ್ಲಿ ಹಿರಿಯರು ಮತ್ತು ಮಕ್ಕಳು ಮನೆಯಿಂದ ದೂರ, ರಾತ್ರಿ ಉಳಿದುಕೊಂಡು, ಬಹಳ ಸಲಿಗೆಯಿಂದ ಇರುತ್ತಾರೆ. ಆ ಸಲಿಗೆಯೇ ಇದರ ಸೊಗಸು. ಕೆಟ್ಟ ಉದ್ದೇಶದವರು ಹುಡುಕಿಕೊಂಡು ಬರುವುದೂ ಆ ಸಲಿಗೆಯನ್ನೇ. ಆದ್ದರಿಂದ ಜಗತ್ತಿನ ಬೇರೆಬೇರೆ ದೇಶಗಳ ಸ್ಕೌಟ್ ಸಂಘಟನೆಗಳು ಅನುಭವದಿಂದ ಕೆಲವು ಕಟ್ಟುಗಳನ್ನು ಮಾಡಿಕೊಂಡಿವೆ. ಯಾವ ಶಿಬಿರ, ಯಾವ ಪ್ರವಾಸಕ್ಕೂ ಕನಿಷ್ಠ ಇಬ್ಬರು ಹಿರಿಯರು ಇರಬೇಕು. ಯಾವ ಹಿರಿಯರೂ ಒಂದು ಮಗುವಿನ ಜೊತೆ ಇತರರ ಕಣ್ಣಿಗೆ ಬೀಳದ ಜಾಗದಲ್ಲಿ ಒಂಟಿಯಾಗಿ ಇರಬಾರದು. ಬುದ್ಧಿ ಹೇಳಬೇಕಿದ್ದರೂ ಇತರರಿಗೆ ಕಾಣುವಂತೆ, ಕೇಳದಷ್ಟು ದೂರದಲ್ಲಿ ಕೂತು ಹೇಳಬೇಕು. ಮಲಗುವ ಡೇರೆ ಹಿರಿಯರಿಗೆ ಬೇರೆ, ಮಕ್ಕಳಿಗೆ ಬೇರೆ. ಹೆಣ್ಣುಮಕ್ಕಳಿರುವ ಶಿಬಿರದಲ್ಲಿ ರಾತ್ರಿಯೂ ಮಹಿಳೆಯೊಬ್ಬರು ಇರಲೇಬೇಕು, ಸಂಜೆ ಮನೆಗೆ ಹೋಗಿ ಬೆಳಿಗ್ಗೆ ಬರುತ್ತೇನೆಂದರೆ ಆಗುವುದಿಲ್ಲ. ಸ್ನಾನದ ಜಾಗಕ್ಕೆ ಮರೆ ಬೇಕು, ಅಲ್ಲಿ ಮೊಬೈಲ್ ಯಾರ ಕೈಯಲ್ಲೂ ಇರಬಾರದು. ತಡರಾತ್ರಿ ಮಗುವೊಂದರ ಜೊತೆ ವಾಟ್ಸ್‌ಆಪ್ ಮಾತುಕತೆ ಬೇಡ. ಸಂದೇಶವಿದ್ದರೆ ಪೋಷಕರಿರುವ ಗುಂಪಿಗೆ ಹಾಕಬೇಕು.

ಈ ನಿಯಮಗಳು ಒಳ್ಳೆಯ ಶಿಕ್ಷಕರಿಗೆ ಅನುಮಾನದಂತೆ ಕಾಣಬಹುದು. ಅವರಿಗೂ ಇದರಿಂದ ರಕ್ಷಣೆ ಇದೆ, ಏಕೆಂದರೆ ಎಲ್ಲರೂ ನೋಡುವಂತೆ ನಡೆದುಕೊಂಡವರ ಮೇಲೆ ಸುಳ್ಳು ಮಾತು ನಿಲ್ಲುವುದು ಕಷ್ಟ.

ಮಗುವೊಂದು ಬಂದು ತನಗೆ ಯಾರೋ ಕೆಟ್ಟದಾಗಿ ನಡೆದುಕೊಂಡರು ಎಂದು ಹೇಳಿದರೆ ಹಿರಿಯರ ಹೊಣೆ ಕಾನೂನಿನಲ್ಲಿ ಸ್ಪಷ್ಟವಾಗಿದೆ. 2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಪೋಕ್ಸೊ, 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಅದರ 19ನೇ ಕಲಂ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದವರಿಗೆ 21ನೇ ಕಲಂನಡಿ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸಂಸ್ಥೆಯೊಂದರ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಎಸಗಿದ ಅಪರಾಧವನ್ನು ತಿಳಿಸದಿದ್ದರೆ ಅದು ಒಂದು ವರ್ಷದವರೆಗೂ ಹೋಗಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಗಾರಿಕೆಯೂ ಬರುವುದಿಲ್ಲ. ಮೊದಲು ಶಾಲೆಯಲ್ಲಿ ವಿಚಾರಣೆ ಮಾಡೋಣ, ಊರ ಹಿರಿಯರನ್ನು ಕೂರಿಸೋಣ, ಹುಡುಗಿಯ ಹೆಸರು ಕೆಡುತ್ತದೆ ಎಂಬ ಮಾತುಗಳು ಆಗ ಬಂದೇ ಬರುತ್ತವೆ. ಪಂಚಾಯಿತಿ ಮಾಡಿ ಮುಗಿಸುವ ಅಧಿಕಾರ ಸ್ಕೌಟ್ ಮಾಸ್ಟರ್‌ಗೂ ಇಲ್ಲ, ಮುಖ್ಯ ಶಿಕ್ಷಕರಿಗೂ ಇಲ್ಲ. ಮಗು ಹೇಳಿದ್ದನ್ನು ಅಡ್ಡಪ್ರಶ್ನೆ ಹಾಕದೆ ಕೇಳಿಸಿಕೊಂಡು, ಅದರದೇ ಮಾತಿನಲ್ಲಿ ಬರೆದಿಟ್ಟು, ಯಾರಿಗೂ ಹೇಳುವುದಿಲ್ಲವೆಂಬ ಸುಳ್ಳು ಭರವಸೆ ಕೊಡದೆ, ತಕ್ಷಣ ವರದಿ ಮಾಡಬೇಕು. 1098 ಮಕ್ಕಳ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಆ ಸಂಖ್ಯೆ ಮಕ್ಕಳಿಗೂ ಬಾಯಿಪಾಠ ಬರಬೇಕು.

ಶಿಸ್ತು, ಸೇವೆ ಮತ್ತು ಬಿಟ್ಟಿ ಚಾಕರಿ

ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು, ಮೈದಾನ ಸುತ್ತಿಸುವುದು ಸ್ಕೌಟಿಂಗ್‌ನ ರೂಢಿಗಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಸ್ಕಾರ್ಫ್ ಕಟ್ಟಿಕೊಂಡ ಮಾತ್ರಕ್ಕೆ ಶಿಕ್ಷಕರಿಗೆ ಅದರಿಂದ ವಿನಾಯಿತಿ ಸಿಗುವುದಿಲ್ಲ. ಪೆಟ್ರೋಲ್ ಲೀಡರ್ ತನಗಿಂತ ಕಿರಿಯರನ್ನು ಹಾಗೆ ದಂಡಿಸುತ್ತಿದ್ದರೆ ಅದನ್ನು ತಡೆಯುವುದೂ ಹಿರಿಯರ ಕೆಲಸವೇ. ಹುಡುಗರಿಗೆ ಅಧಿಕಾರ ಕೊಡುವುದೆಂದರೆ ಬಲವಾದವನು ಸಣ್ಣವನ ಮೇಲೆ ಸವಾರಿ ಮಾಡಲು ಬಿಡುವುದಲ್ಲ.

ಸೇವೆಯ ಹೆಸರಿನಲ್ಲಿ ನಡೆಯುವುದನ್ನೂ ಸ್ವಲ್ಪ ಬಿಚ್ಚಿ ಹೇಳಬೇಕು. ಶಿವರಾತ್ರಿಯ ಸುಮಾರಿಗೆ ನಡೆಯುವ ಸಿದ್ಧಗಂಗೆ ಜಾತ್ರೆಯಂಥ ಕಡೆ ತಪ್ಪಿಸಿಕೊಂಡ ಮಕ್ಕಳನ್ನು ಮನೆಯವರಿಗೆ ಒಪ್ಪಿಸುವುದು, ಕುಡಿಯುವ ನೀರು ಕೊಡುವುದು, ದಾರಿ ತೋರುವುದು ಒಳ್ಳೆಯ ಸೇವೆ. ಮಕ್ಕಳು ಅಲ್ಲಿ ಪುಸ್ತಕದಲ್ಲಿ ಸಿಗದ್ದನ್ನು ಕಲಿಯುತ್ತಾರೆ. ಆದರೆ ಜನಜಂಗುಳಿಯನ್ನು ಹಗ್ಗ ಹಿಡಿದು ತಡೆಯುವುದು ಪೊಲೀಸರ ಕೆಲಸ, ಅದಕ್ಕೆ ಹನ್ನೆರಡು ವರ್ಷದ ಮಗುವನ್ನು ನಿಲ್ಲಿಸಬಾರದು. ಯಾವುದೋ ಕಾರ್ಯಕ್ರಮದ ಮುಖ್ಯ ಅತಿಥಿಗಳು ಎರಡು ಗಂಟೆ ತಡವಾಗಿ ಬರುವವರೆಗೂ ಮಕ್ಕಳು ರಸ್ತೆಯ ಎರಡೂ ಬದಿಯಲ್ಲಿ ಬಿಸಿಲಿಗೆ ಸಾಲು ನಿಲ್ಲುವ ದೃಶ್ಯ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅಪರೂಪವೇನಲ್ಲ. ಇದು ಸೇವೆಯೂ ಅಲ್ಲ, ತರಬೇತಿಯೂ ಅಲ್ಲ. ಸಂಸ್ಥೆಯ ಮೂಲ ನಿಯಮವೇ ಸ್ಕೌಟಿಂಗ್ ಅನ್ನು ಸ್ವಯಂಪ್ರೇರಿತ, ರಾಜಕೀಯೇತರ, ಹುಟ್ಟು ಮತಗಳ ಭೇದವಿಲ್ಲದೆ ಎಲ್ಲರಿಗೂ ತೆರೆದ ಚಳವಳಿ ಎಂದು ಕರೆದಿದೆ. ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರು ಎಂಬ ಪದದ ಬದಲು ಧರ್ಮ ಎಂದು ಹೇಳುವ ಆಯ್ಕೆಯನ್ನೂ ಕೊಟ್ಟಿದೆ. ಹೀಗಿರುವಾಗ ಪಕ್ಷದ ವೇದಿಕೆಗೆ ಮಕ್ಕಳನ್ನು ಕಳಿಸಿ ಎಂಬ ಬೇಡಿಕೆ ಬಂದರೆ ವಿನಯದಿಂದ, ಲಿಖಿತವಾಗಿ ಇಲ್ಲವೆನ್ನಲು ಹಿರಿಯರಿಗೆ ಆಧಾರವಿದೆ. ಮೇಲಧಿಕಾರಿಯ ಮೌಖಿಕ ಸೂಚನೆಯ ಎದುರು ಇದು ಸುಲಭವಲ್ಲ ಎಂಬುದೂ ನಿಜ. ಆಗ ಕನಿಷ್ಠಪಕ್ಷ ನೆರಳು, ನೀರು, ಕೂರುವ ವ್ಯವಸ್ಥೆ ಮತ್ತು ಹಿಂದಿರುಗುವ ಸಮಯ ಇವಿಷ್ಟನ್ನು ಷರತ್ತಾಗಿ ಇಡಬಹುದು, ಇಡಬೇಕು.

ಪ್ರಮಾಣಪತ್ರದ ವಿಷಯ ಚಿಕ್ಕದಾದರೂ ಇಕ್ಕಟ್ಟಿನದು. ಪ್ರವೇಶದಿಂದ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳೆಂಬ ಹಂತಗಳನ್ನು ದಾಟಿ ರಾಜ್ಯ ಪುರಸ್ಕಾರ, ಅಲ್ಲಿಂದ ರಾಷ್ಟ್ರಪತಿ ಪುರಸ್ಕಾರದವರೆಗೆ ಮಗು ಏರಬೇಕು. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇರುವುದು ಪೋಷಕರಿಗೆ ಗೊತ್ತು, ಆದ್ದರಿಂದ ಬೇಗ ಬೇಗ ಸಹಿ ಹಾಕಿಕೊಡಿ ಎಂಬ ಒತ್ತಡವೂ ಬರುತ್ತದೆ. ಜೀವರಕ್ಷಕ ಗಂಟು ಹಾಕಲು ಬಾರದ ಹುಡುಗನ ಪುಸ್ತಕದಲ್ಲಿ ಬರುತ್ತದೆಂದು ಸಹಿ ಹಾಕಿದರೆ, ಸುಳ್ಳು ಹೇಳಬಾರದೆಂದು ಪ್ರತಿ ವಾರ ನಿಯಮ ಓದಿಸುವ ವ್ಯಕ್ತಿಯೇ ಮಗುವಿನ ಕಣ್ಣೆದುರು ಸುಳ್ಳು ಬರೆದಂತಾಗುತ್ತದೆ. ಪರೀಕ್ಷೆಯಲ್ಲಿ ತಪ್ಪಿದ ಮಗುವಿಗೆ ಇನ್ನೊಮ್ಮೆ ಬಾ ಎಂದು ಹೇಳುವುದೇ ಸರಿ, ಮತ್ತು ಆ ಇನ್ನೊಮ್ಮೆಗೆ ದಿನ ಗೊತ್ತು ಮಾಡಿ ಕಳಿಸುವುದೂ ಅಷ್ಟೇ ಅಗತ್ಯ.

ಪೋಷಕರೊಂದಿಗಿನ ವ್ಯವಹಾರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದರಲ್ಲಿ ಮುಗಿಯಬಾರದು. ಮಗುವಿಗೆ ಮೂರ್ಛೆ, ಉಬ್ಬಸ, ಯಾವುದಾದರೂ ಔಷಧಿ ಅಥವಾ ಆಹಾರದ ಅಲರ್ಜಿ ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಓದಲು ಬಾರದ ತಾಯಿಗೆ ಪತ್ರವನ್ನು ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಅದು ಒಪ್ಪಿಗೆಯಾಗುವುದಿಲ್ಲ. ಗಡಿ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾಗಿರುವ ಪೋಷಕರಿಗೆ ತೆಲುಗಿನಲ್ಲೇ ಹೇಳಿದರೆ ಅವರು ಮುಚ್ಚಿಟ್ಟ ವಿಷಯವನ್ನೂ ಹೇಳುತ್ತಾರೆ. ಹಣದ ವಿಷಯದಲ್ಲಿ ಒಂದೇ ನಿಯಮ ಸಾಕು: ಮಗುವಿನಿಂದ ಪಡೆದ ಪ್ರತಿ ರೂಪಾಯಿಗೂ ರಸೀದಿ ಇರಬೇಕು, ಖರ್ಚಿನ ಲೆಕ್ಕ ಪೆಟ್ರೋಲ್ ಲೀಡರ್‌ಗಳಿಗೆ ಓದಲು ಸಿಗಬೇಕು. ಸಮವಸ್ತ್ರ ಕೊಳ್ಳಲಾಗದ ಮಗು ಆ ಕಾರಣಕ್ಕೆ ದಳದ ಹೊರಗೆ ಉಳಿಯುತ್ತಿದೆಯೇ ಎಂದು ವಿಚಾರಿಸುವುದೂ ಇದರಲ್ಲೇ ಬರುತ್ತದೆ. ಹಳೆಯ ವಿದ್ಯಾರ್ಥಿಗಳ ಸಮವಸ್ತ್ರವನ್ನು ಒಗೆದು ಬೀರುವಿನಲ್ಲಿಟ್ಟಿದ್ದರೆ ಸಾಲ ಕೊಟ್ಟಂತೆ ಸದ್ದಿಲ್ಲದೆ ಕೊಡಬಹುದು.

ಇಷ್ಟೆಲ್ಲವನ್ನೂ ಒಬ್ಬ ಶಿಕ್ಷಕ ಹುಟ್ಟಿನಿಂದ ಬಲ್ಲವನಾಗಿರುವುದಿಲ್ಲ. ಅದಕ್ಕೇ ಮೂಲ ತರಬೇತಿ, ಉನ್ನತ ತರಬೇತಿ, ಅದರ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಹಂತಗಳಿವೆ. 1919ರಲ್ಲಿ ಇಂಗ್ಲೆಂಡಿನ ಗಿಲ್‌ವೆಲ್ ಪಾರ್ಕ್‌ನಲ್ಲಿ ಆರಂಭವಾದ ಹಿರಿಯರ ತರಬೇತಿಯ ಪದ್ಧತಿಯೇ ಇದರ ಮೂಲ. ರಾಷ್ಟ್ರೀಯ ತರಬೇತಿ ಕೇಂದ್ರ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ, ಆದರೆ ನಮ್ಮವರಿಗೆ ಹತ್ತಿರದ್ದು ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್. ಚಿಕ್ಕಬಳ್ಳಾಪುರದವರಿಗಂತೂ ಅದು ಪಕ್ಕದ ಊರು. ತರಬೇತಿಯಲ್ಲಿ ಶಿಕ್ಷಕರೇ ಪೆಟ್ರೋಲ್‌ಗಳಾಗಿ ಡೇರೆ ಹೂಡಿ, ಅಡುಗೆ ಮಾಡಿ, ಯಾರದೋ ನಾಯಕತ್ವದಲ್ಲಿ ಕೆಲಸ ಮಾಡಬೇಕಾಗುತ್ತದೆ. ಐವತ್ತು ದಾಟಿದ ಮುಖ್ಯ ಶಿಕ್ಷಕರೊಬ್ಬರು ಇಪ್ಪತ್ತೈದರ ಪೆಟ್ರೋಲ್ ಲೀಡರ್ ಹೇಳಿದಂತೆ ಪಾತ್ರೆ ತಿಕ್ಕುವಾಗ ಕಲಿಯುವುದನ್ನು ಯಾವ ಉಪನ್ಯಾಸವೂ ಕಲಿಸಲಾರದು ಎಂಬುದು ನನ್ನ ಅಭಿಪ್ರಾಯ. ತರಬೇತಿ ಪಡೆಯದೆ ದಳ ನಡೆಸುವವರು ಬೇಗ ಒಂದು ತರಬೇತಿಗೆ ಹೆಸರು ಕೊಡಬೇಕು, ಅಲ್ಲಿಯವರೆಗೆ ರಾತ್ರಿ ಶಿಬಿರ ಮತ್ತು ಬೆಟ್ಟದ ಹೈಕ್‌ಗಳನ್ನು ತರಬೇತಾದ ಇನ್ನೊಬ್ಬರ ಜೊತೆಯಿಲ್ಲದೆ ಮಾಡಬಾರದು.

ಕೊನೆಯದಾಗಿ ವರ್ಗಾವಣೆ. ಸರ್ಕಾರಿ ಶಾಲೆಯ ದಳಗಳು ನಿಂತುಹೋಗುವುದಕ್ಕೆ ಆಸಕ್ತಿಯ ಕೊರತೆಗಿಂತ ಹೆಚ್ಚಾಗಿ ಕಾರಣವಾಗುವುದು ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಹೊರಟುಹೋದ ಶಿಕ್ಷಕರ ಜೊತೆಗೆ ದಳದ ನೆನಪೂ ಹೊರಟುಹೋಗುವುದು. ಆದ್ದರಿಂದ ದಳದ ನೋಂದಣಿ ಪತ್ರ, ಯಾವ ಮಗು ಯಾವ ಸೋಪಾನದಲ್ಲಿದೆ ಎಂಬ ಪಟ್ಟಿ, ಆರೋಗ್ಯದ ವಿವರ, ಪೋಷಕರ ಫೋನ್ ಸಂಖ್ಯೆ, ಡೇರೆ-ಹಗ್ಗಗಳ ದಾಸ್ತಾನು, ಬ್ಯಾಂಕ್ ಪುಸ್ತಕ ಇವೆಲ್ಲ ಶಾಲೆಯ ಬೀರುವಿನಲ್ಲಿರಬೇಕೇ ಹೊರತು ಶಿಕ್ಷಕರ ಮನೆಯಲ್ಲಲ್ಲ. ಸಹಾಯಕರಾಗಿ ಇನ್ನೊಬ್ಬ ಶಿಕ್ಷಕರನ್ನೋ, ಊರಿನಲ್ಲೇ ಇರುವ ಹಳೆಯ ರೋವರ್ ಒಬ್ಬನನ್ನೋ ಮೊದಲ ವರ್ಷದಿಂದಲೇ ಜೊತೆಗಿರಿಸಿಕೊಂಡು ತರಬೇತಿಗೆ ಕಳಿಸಬೇಕು. ಬಿಡುಗಡೆಯ ಆದೇಶ ಬಂದ ದಿನ ಆ ಸಹಾಯಕರ ಎದುರು, ಪೆಟ್ರೋಲ್ ಲೀಡರ್‌ಗಳ ಎದುರು ದಾಸ್ತಾನನ್ನು ಎಣಿಸಿ, ಮುಖ್ಯ ಶಿಕ್ಷಕರ ಸಹಿ ಪಡೆದು ಒಪ್ಪಿಸಿ, ಅದರ ಒಂದು ಪ್ರತಿಯನ್ನು ಸ್ಕೌಟ್ಸ್ ಮತ್ತು ಗೈಡ್ಸ್‌ನ ತಾಲ್ಲೂಕಿನ ಸ್ಥಳೀಯ ಸಂಸ್ಥೆಗೂ ಜಿಲ್ಲಾ ಸಂಸ್ಥೆಯ ಕಾರ್ಯದರ್ಶಿಗೂ ಕಳಿಸಬೇಕು.